ಓಡದ ಕಂಪ್ಯೂಟರ್‌ನಿಂದ ಶುರುವಾದ ಕಥೆ: ಕೊನ್ರಾಡ್ ಜೂಸೆ

ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡಿರೋದು ಒಬ್ಬ ಸಿವಿಲ್ ಎಂಜಿನಿಯರ್‌ನ. ಸಿವಿಲ್ ಅಂದ ತಕ್ಷಣ ಸಿಎಸ್ ಬ್ರಾಂಚ್‌ನವರು ಸ್ಕ್ರಾಲ್ ಮಾಡಿ ಮುಂದೆ ಹೋಗ್ಬೇಡಿ. ಯಾಕಂದ್ರೆ ಪ್ರೋಗ್ರಾಂ ಕೊಟ್ಟರೆ ತಾನಾಗೇ ಲೆಕ್ಕ ಮಾಡುವ ಡಿಜಿಟಲ್ ಕಂಪ್ಯೂಟರನ್ನು ಮೊದಲು ಓಡಿಸಿ ತೋರಿಸಿದವರು ಅಂತ ಜಗತ್ತು ಹೇಳೋದು ಇದೇ ಸಿವಿಲ್ ಎಂಜಿನಿಯರ್ ಹೆಸರನ್ನ. ಅವರು ಕೊನ್ರಾಡ್ ಜೂಸೆ. ಜರ್ಮನ್ನರ ಬಾಯಲ್ಲಿ ಆ ಹೆಸರು ತ್ಸೂಜೆ ಅಂತ ಕೇಳಿಸುತ್ತೆ. ನಾವು ಸುಲಭಕ್ಕೆ ಜೂಸೆ ಅಂತ ಬರೀತೀವಿ.

ಇವರನ್ನೇ ಯಾಕೆ ಆರಿಸಿದ್ವಿ ಅಂತ ಮೊದಲು ಹೇಳಿಬಿಡ್ತೀವಿ. ನಾವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು. ಹೊಸಪೇಟೆ ಒಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಎಲ್ಲಾ ತಾಲ್ಲೂಕೂ ನಮ್ಮ ಗುಂಪಲ್ಲೇ ಇದೆ. ನಮ್ಮ ಊರುಗಳಲ್ಲಿ ಈಗ ಪಾರ್ಟ್ಸ್ ಆನ್‌ಲೈನ್‌ನಲ್ಲಿ ತರಿಸಿ ಮನೇಲೇ ಪಿಸಿ ಜೋಡಿಸೋದು ಮಾಮೂಲಿ ಆಗ್ತಾ ಇದೆ. ಮೆಕ್ಕೆಜೋಳದ ದುಡ್ಡೋ, ಶೇಂಗಾ ದುಡ್ಡೋ ಬಂದಾಗ ಅಪ್ಪ ಕೊಡ್ತಾರೆ. ಎಲ್ಲಾ ಜೋಡಿಸಿ, ಸ್ಕ್ರೂ ಬಿಗಿದು, ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಟ್ರೆ? ಸ್ಕ್ರೀನ್ ಕಪ್ಪಾಗೇ ಇದ್ರೆ? ಆಗ ಹೊಟ್ಟೇಲಿ ಆಗೋ ಸಂಕಟ ಜೋಡಿಸಿದವರಿಗೇ ಗೊತ್ತು. ದುಡ್ಡು ಹಾಳು ಮಾಡಿಬಿಟ್ಟೆನಾ ಅನ್ನೋ ಪ್ರಶ್ನೆ ಅದು. ಈ ಪ್ರಶ್ನೆಯನ್ನು ಸುಮಾರು ತೊಂಬತ್ತು ವರ್ಷದ ಹಿಂದೆ, ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ನಿಂತು, ನಮಗಿಂತ ಸಾವಿರ ಪಟ್ಟು ದೊಡ್ಡದಾಗಿ ಎದುರಿಸಿದವರು ಜೂಸೆ.

ಚಿತ್ರ ಬಿಡಿಸುವ ಹುಡುಗ

ಕೊನ್ರಾಡ್ ಜೂಸೆ ಹುಟ್ಟಿದ್ದು 1910ರ ಜೂನ್ 22ರಂದು, ಬರ್ಲಿನ್‌ನಲ್ಲಿ. ಅಪ್ಪ ಅಂಚೆ ಇಲಾಖೆ ನೌಕರರು. ಅಪ್ಪನ ಕೆಲಸದ ಜೊತೆ ಮನೆಯೂ ಊರಿಂದ ಊರಿಗೆ ಹೋಯ್ತು. ಮೊದಲು ಪೂರ್ವ ಪ್ರಷ್ಯಾದ ಬ್ರಾನ್ಸ್‌ಬರ್ಗ್, ಆಮೇಲೆ ಹೊಯರ್ಸ್‌ವೆರ್ಡಾ ಅನ್ನೋ ಸಣ್ಣ ಊರು. ಹುಡುಗನಿಗೆ ಎರಡು ಹುಚ್ಚು. ಒಂದು ಚಿತ್ರ ಬಿಡಿಸೋದು, ಇನ್ನೊಂದು ಏನಾದರೂ ಜೋಡಿಸ್ತಾ ಕೂರೋದು. ದೊಡ್ಡವನಾದ ಮೇಲೂ ಎರಡೂ ಬಿಡಲಿಲ್ಲ. ಕಂಪ್ಯೂಟರ್ ಕಂಪನಿ ಮಾಲೀಕರಾದ ಮೇಲೂ ಅವರು ಬೇರೆ ಹೆಸರಲ್ಲಿ ಬಣ್ಣದ ಚಿತ್ರ ಬರೆದು ಸಹಿ ಹಾಕ್ತಾ ಇದ್ದರು.

ಶಾಲೆ ಮುಗಿಸಿ ಬರ್ಲಿನ್‌ನ ಟೆಕ್ನಿಕಲ್ ಕಾಲೇಜು ಸೇರಿದರು. ಮೊದಲು ಮೆಕ್ಯಾನಿಕಲ್ ತಗೊಂಡ್ರು, ಹಿಡಿಸಲಿಲ್ಲ. ಆರ್ಕಿಟೆಕ್ಚರ್‌ಗೆ ಹೋದರು, ಅದೂ ಸರಿಬರಲಿಲ್ಲ. ಕೊನೆಗೆ ಸಿವಿಲ್‌ಗೆ ಬಂದು ನಿಂತರು. ಬ್ರಾಂಚ್ ಚೇಂಜ್ ಮಾಡೋಕೆ ಒದ್ದಾಡ್ತಾ ಇರೋ ನಮ್ಮ ಜೂನಿಯರ್ಸ್ ಇದನ್ನು ಗಮನಿಸಬೇಕು. 1935ರಲ್ಲಿ ಡಿಗ್ರಿ ಮುಗೀತು.

ಸಿವಿಲ್ ಓದುವಾಗಲೇ ಅವರಿಗೆ ಒಂದು ವಿಷಯ ಸಾಕುಬೇಕಾಗಿ ಹೋಗಿತ್ತು, ಅದು ಲೆಕ್ಕ. ಸ್ಟ್ರಕ್ಚರಲ್ ಅನಾಲಿಸಿಸ್ ಮಾಡಿದವರಿಗೆ ಗೊತ್ತಿರುತ್ತೆ. ಒಂದು ಚೌಕಟ್ಟು ದೊಡ್ಡದಾದಷ್ಟೂ ಸಮೀಕರಣಗಳು ಹೆಚ್ಚಾಗ್ತಾ ಹೋಗುತ್ತವೆ. ಒಂದರ ಉತ್ತರ ಇನ್ನೊಂದಕ್ಕೆ ಹೋಗುತ್ತೆ. ಈಗ ನಾವು ಸಾಫ್ಟ್‌ವೇರ್‌ಗೆ ಕೊಟ್ಟು ಟೀ ಕುಡಿಯೋಕೆ ಹೋಗ್ತೀವಿ. ಆಗ ದೊಡ್ಡ ಹಾಳೆಯಲ್ಲಿ ಮನೆ ಮನೆ ಗೀಟು ಎಳೆದು, ಒಂದೊಂದೇ ಮನೆ ಕೈಯಲ್ಲಿ ತುಂಬಬೇಕಿತ್ತು. ಜೂಸೆಗೆ ಅಲ್ಲೇ ಒಂದು ವಿಷಯ ಹೊಳೀತು. ಇಲ್ಲಿ ಮನುಷ್ಯ ಯೋಚನೆ ಏನೂ ಮಾಡ್ತಾ ಇಲ್ಲ. ಒಂದು ಮನೆಯ ಸಂಖ್ಯೆ ತಗೋ, ಇನ್ನೊಂದರ ಜೊತೆ ಗುಣಿಸು, ಮೂರನೇ ಮನೆಯಲ್ಲಿ ಬರಿ. ಇಷ್ಟೇ. ಹಂಗಿದ್ದ ಮೇಲೆ ಇದನ್ನು ಯಂತ್ರವೇ ಮಾಡಬಹುದಲ್ಲ?

ಕೆಲಸ ಬಿಟ್ಟು ಮನೆಗೆ

ಡಿಗ್ರಿ ಆದ ಮೇಲೆ ಹೆನ್‌ಶೆಲ್ ಅನ್ನೋ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ತು. ವಿಮಾನದ ಭಾಗಗಳು ಎಷ್ಟು ಭಾರ ತಡೀತವೆ ಅಂತ ಲೆಕ್ಕ ಹಾಕೋ ಕೆಲಸ. ಮತ್ತೆ ಅದೇ ಹಾಳೆ, ಅದೇ ಮನೆಗಳು. 1936ರಲ್ಲಿ ಜೂಸೆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅಪ್ಪ ಅಮ್ಮನ ಮುಂದೆ ಬಂದು, ಇನ್ಮೇಲೆ ನಿಮ್ಮ ಮನೆಯ ಹಾಲ್‌ನಲ್ಲಿ ಲೆಕ್ಕದ ಯಂತ್ರ ಕಟ್ತೀನಿ ಅಂತ ಹೇಳಿದರು.

ನಾವು ನಾಳೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಬಿಟ್ಟು ಕೊಟ್ಟೂರಿನ ಮನೆಗೆ ಹೋಗಿ ಇದನ್ನೇ ಹೇಳಿದ್ರೆ ಏನಾಗುತ್ತೆ ಅಂತ ಸ್ವಲ್ಪ ಕಲ್ಪಿಸಿಕೊಳ್ಳಿ. ಆದರೆ ಜೂಸೆ ಮನೆಯವರು ಹಾಲ್ ಬಿಟ್ಟುಕೊಟ್ಟರು. ದುಡ್ಡೂ ಕೊಟ್ಟರು. ಸಹೋದರಿ ಲೀಸೆಲೊಟ್ಟೆ ಕೂಡ ಕೈಲಾದಷ್ಟು ಕೊಟ್ಟರು. ಕಾಲೇಜಿನ ಗೆಳೆಯರು ಸ್ವಲ್ಪ ದುಡ್ಡು, ಜಾಸ್ತಿ ದುಡಿಮೆ ಕೊಟ್ಟರು. ಕುರ್ಟ್ ಪಾಂಕೆ ಅನ್ನೋ ಕ್ಯಾಲ್ಕುಲೇಟರ್ ತಯಾರಕರೂ ಆಮೇಲೆ ಸಹಾಯ ಮಾಡಿದರು. ಸರ್ಕಾರದ ಫಂಡ್ ಇಲ್ಲ, ಲ್ಯಾಬ್ ಇಲ್ಲ, ಗೈಡ್ ಇಲ್ಲ. ಇಂಗ್ಲೆಂಡಿನಲ್ಲಿ ನೂರು ವರ್ಷ ಹಿಂದೆ ಚಾರ್ಲ್ಸ್ ಬ್ಯಾಬೇಜ್ ಇಂಥದ್ದೇ ಯಂತ್ರದ ಕನಸು ಕಂಡಿದ್ದು ಕೂಡ ಜೂಸೆಗೆ ಆಗ ಗೊತ್ತಿರಲಿಲ್ಲ.

ಜೆಡ್ 1: ಎಲ್ಲಾ ಸರಿ, ಆದ್ರೆ ಓಡಲ್ಲ

ಜೂಸೆ ಮಾಡಿದ ಮೊದಲ ಜಾಣತನ ಅಂದ್ರೆ ಬೈನರಿ. ಆ ಕಾಲದ ಕ್ಯಾಲ್ಕುಲೇಟರ್‌ಗಳೆಲ್ಲ ಹತ್ತು ಹಲ್ಲಿನ ಚಕ್ರದ ಮೇಲೆ ನಡೀತಿದ್ದವು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಹಲ್ಲು. ಜೂಸೆ ಚಕ್ರ ಬಿಟ್ಟು ತೆಳು ಲೋಹದ ತಗಡು ಹಿಡಿದರು. ತಗಡು ಎಡಕ್ಕಿದ್ದರೆ ಸೊನ್ನೆ, ಬಲಕ್ಕೆ ಸರಿದರೆ ಒಂದು. ನಮ್ಮ ಲಾಜಿಕ್ ಡಿಸೈನ್ ಲ್ಯಾಬ್‌ನ ಗೇಟ್‌ಗಳನ್ನೇ ಅವರು ತಗಡು ಮತ್ತು ಮೊಳೆಯಲ್ಲಿ ಮಾಡಿದರು. ಒಂದು ತಗಡು ಸರಿದಾಗ ಮೊಳೆ ಇನ್ನೊಂದನ್ನು ತಳ್ಳಬೇಕಾ ಬೇಡವಾ ಅನ್ನೋದನ್ನು ಮೂರನೇ ತಗಡು ತೀರ್ಮಾನ ಮಾಡುತ್ತೆ. ಅಷ್ಟೇ ಸಾಕು, ಆಂಡ್ ಗೇಟ್ ರೆಡಿ.

ಅದರಲ್ಲಿ ಇದ್ದ ಭಾಗಗಳ ಪಟ್ಟಿ ನೋಡಿದರೆ ಇವತ್ತಿನ ಕಂಪ್ಯೂಟರ್ ಬ್ಲಾಕ್ ಡಯಾಗ್ರಾಂ ನೋಡಿದಂಗೇ ಆಗುತ್ತೆ. 64 ಸಂಖ್ಯೆ ಹಿಡಿಯುವ ಮೆಮೊರಿ, ಒಂದೊಂದು ಸಂಖ್ಯೆ 22 ಬಿಟ್. ಬೇರೆಯಾಗಿ ಒಂದು ಅಂಕಗಣಿತದ ಘಟಕ, ಅದೂ ಫ್ಲೋಟಿಂಗ್ ಪಾಯಿಂಟ್‌ನಲ್ಲಿ. ಕಂಟ್ರೋಲ್ ಯೂನಿಟ್. ಇನ್‌ಪುಟ್, ಔಟ್‌ಪುಟ್. ಪ್ರೋಗ್ರಾಂಗೆ ಪೇಪರ್ ಟೇಪ್ ಬದಲು ಬಿಸಾಡಿದ ಸಿನಿಮಾ ರೀಲು ತಂದು, ಅದರಲ್ಲಿ ತೂತು ಹೊಡೆದು ಆದೇಶ ಬರೆದರು. ಓಡಿಸೋಕೆ ವ್ಯಾಕ್ಯೂಮ್ ಕ್ಲೀನರ್‌ನ ಮೋಟ್ರು. ವೇಗ ಸುಮಾರು 1 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಒಂದು ಹೆಜ್ಜೆ. ತೂಕ ಸುಮಾರು 1 ಟನ್. ಗೆಳೆಯರೆಲ್ಲ ಸಣ್ಣ ಗರಗಸ ಹಿಡಿದು ಸಾವಿರಾರು ತಗಡು ಕತ್ತರಿಸಿ ಕೊಟ್ಟರು.

1938ರಲ್ಲಿ ಯಂತ್ರ ಜೋಡಣೆ ಮುಗೀತು. ಓಡಿಸಿದರು. ಒಂದಷ್ಟು ಹೆಜ್ಜೆ ಹಾಕಿ ಸಿಕ್ಕಿಹಾಕಿಕೊಳ್ತು. ಬಿಡಿಸಿ ಮತ್ತೆ ಓಡಿಸಿದರು. ಮತ್ತೆ ಸಿಕ್ಕಿಹಾಕಿಕೊಳ್ತು.

ಇಲ್ಲಿ ತಪ್ಪು ಏನು ಅನ್ನೋದು ಮುಖ್ಯ. ಲಾಜಿಕ್ ಸರಿ ಇತ್ತು. ಡಿಸೈನ್ ಸರಿ ಇತ್ತು. ಮೆಮೊರಿ ಭಾಗ ಚೆನ್ನಾಗೇ ಕೆಲಸ ಮಾಡ್ತಿತ್ತು. ಯಾಕಂದ್ರೆ ಮೆಮೊರಿಯಲ್ಲಿ ಒಂದೇ ಥರದ ಸಣ್ಣ ಕೆಲಸ, ಒಂದು ತಗಡು ಒಂದು ಮೊಳೆಯನ್ನು ಸರಿಸಿದರೆ ಆಯ್ತು. ಆದರೆ ಅಂಕಗಣಿತದ ಘಟಕದಲ್ಲಿ ಒಂದು ತಗಡಿನ ತಳ್ಳು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ, ಹಿಂಗೆ ಉದ್ದ ಸರಪಳಿ. ಕೈಯಲ್ಲಿ ಕತ್ತರಿಸಿದ ತಗಡು ಒಂದೊಂದೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತೆ. ಒಂದರಲ್ಲಿ ಆ ವ್ಯತ್ಯಾಸ ಕಾಣಲ್ಲ. ಇಪ್ಪತ್ತು ತಗಡು ದಾಟೋಷ್ಟರಲ್ಲಿ ಅದೆಲ್ಲ ಕೂಡಿಕೊಂಡು ಕೊನೆಯ ಮೊಳೆ ತೂತಿಗೆ ಹೋಗಲ್ಲ. ಮೆಕ್ಯಾನಿಕಲ್‌ನವರು ಇದಕ್ಕೆ ಟಾಲರೆನ್ಸ್ ಸ್ಟ್ಯಾಕಪ್ ಅಂತಾರೆ. ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ಅದೇ.

ಎರಡು ವರ್ಷ, ಮನೆಯವರ ದುಡ್ಡು, ಬಿಟ್ಟ ಕೆಲಸ, ಹಾಲ್ ತುಂಬಾ ಒಂದು ಟನ್ ತಗಡು. ನಂಬಿ ಓಡಿಸೋಕಾಗದ ಯಂತ್ರ. ಇಲ್ಲಿಗೇ ಈ ಕಥೆ ಮುಗಿದಿದ್ದರೆ ಜೂಸೆ ಹೆಸರು ಯಾರಿಗೂ ಗೊತ್ತಿರ್ತಿರಲಿಲ್ಲ.

ಜೆಡ್ 2: ಎಲ್ಲಾ ಬಿಚ್ಚಲಿಲ್ಲ, ಒಂದನ್ನೇ ಬದಲಿಸಿದರು

ಜೂಸೆ ಇಡೀ ಯಂತ್ರವನ್ನು ಗುಜರಿಗೆ ಹಾಕಲಿಲ್ಲ. ಯಾವ ಭಾಗ ಕೆಲಸ ಮಾಡ್ತಿದೆ, ಯಾವುದು ಮಾಡ್ತಿಲ್ಲ ಅಂತ ಬೇರೆ ಮಾಡಿದರು. ಮೆಮೊರಿ ಸರಿ ಇದೆ, ಅದನ್ನು ಹಂಗೇ ಇಟ್ಕೊಂಡ್ರು. ಕೈಕೊಡ್ತಿದ್ದ ಅಂಕಗಣಿತದ ಘಟಕವನ್ನು ಮಾತ್ರ ತೆಗೆದು, ಅದರ ಜಾಗದಲ್ಲಿ ಟೆಲಿಫೋನ್ ರಿಲೇಗಳಿಂದ ಹೊಸದು ಕಟ್ಟಿದರು. ಇದೇ ಜೆಡ್ 2.

ರಿಲೇ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ವಿವರಿಸೋದು ಸುಲಭ. ಹೊಲದ ಬೋರ್‌ವೆಲ್ ಸ್ಟಾರ್ಟರ್ ಡಬ್ಬಿ ನೋಡಿರ್ತೀರ. ಹಸಿರು ಬಟನ್ ಒತ್ತಿದ್ರೆ ಒಳಗೆ ಕಾಯಿಲ್‌ಗೆ ಕರೆಂಟ್ ಹೋಗಿ, ಅದು ಅಯಸ್ಕಾಂತ ಆಗಿ, ಟಕ್ ಅಂತ ಕಾಂಟ್ಯಾಕ್ಟ್ ಎಳ್ಕೊಳ್ಳುತ್ತೆ, ಮೋಟ್ರು ಶುರುವಾಗುತ್ತೆ. ರಿಲೇ ಅದರದೇ ಸಣ್ಣ ತಮ್ಮ. ಕಾಂಟ್ಯಾಕ್ಟ್ ಬಿಟ್ಟಿದ್ದರೆ ಸೊನ್ನೆ, ಹಿಡಿದಿದ್ದರೆ ಒಂದು. ತಗಡು ತಳ್ಳೋ ಕೆಲಸವನ್ನು ಈಗ ಕರೆಂಟ್ ಮಾಡುತ್ತೆ. ಕರೆಂಟಿಗೆ ಕೂದಲೆಳೆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಈ ರಿಲೇ ಐಡಿಯಾ ಹಿಂದೆ ಹೆಲ್ಮುಟ್ ಶ್ರೇಯರ್ ಅನ್ನೋ ಗೆಳೆಯ ಇದ್ದರು. ಎಲೆಕ್ಟ್ರಿಕಲ್ ಕಡೆಯವರು. ಶ್ರೇಯರ್ ಇನ್ನೂ ಮುಂದೆ ಹೋಗಿ, ರಿಲೇನೂ ಬೇಡ, ರೇಡಿಯೋದಲ್ಲಿರೋ ವ್ಯಾಕ್ಯೂಮ್ ಟ್ಯೂಬ್ ಹಾಕೋಣ ಅಂದರು. ಸಾವಿರಾರು ಟ್ಯೂಬ್ ಒಟ್ಟಿಗೆ ಉರಿಸೋದು ಹುಚ್ಚು ಅಂತ ಆಗ ಎಲ್ಲರಿಗೂ ಅನ್ನಿಸ್ತು. ಯುದ್ಧದ ಸಮಯದಲ್ಲಿ ಈ ಯೋಜನೆ ಮುಂದಿಟ್ಟಾಗ ಸೇನೆಯವರು ಒಪ್ಪಲಿಲ್ಲ. 1946ರಲ್ಲಿ ಅಮೆರಿಕದ ಎನಿಯಾಕ್ ಸುಮಾರು 18,000 ಟ್ಯೂಬ್ ಹಾಕಿಕೊಂಡು ಹೊರಗೆ ಬಂದಾಗ ಶ್ರೇಯರ್ ಹೇಳಿದ್ದು ಹುಚ್ಚಲ್ಲ ಅಂತ ಗೊತ್ತಾಯ್ತು.

1939ರಲ್ಲಿ ಯುದ್ಧ ಶುರುವಾಗಿ ಜೂಸೆಯನ್ನು ಸೈನ್ಯಕ್ಕೆ ಕರೆದುಕೊಂಡು ಹೋದರು. ಸುಮಾರು ಆರು ತಿಂಗಳಾದ ಮೇಲೆ ವಾಪಸ್ ಬಂದು ಹೆನ್‌ಶೆಲ್ ಸೇರಿದರು. ಬಿಡುವಿನಲ್ಲಿ ಜೆಡ್ 2 ಕೆಲಸ. ಅದರ ರಿಲೇಗಳು ಹಳೇವು, ಕಾಂಟ್ಯಾಕ್ಟ್ ಆಗಾಗ ಕೈಕೊಡ್ತಿತ್ತು. ಆದರೂ 1940ರಲ್ಲಿ ವಿಮಾನ ಸಂಶೋಧನಾ ಸಂಸ್ಥೆಯವರ ಮುಂದೆ ತೋರಿಸುವಾಗ ಯಂತ್ರ ಓಡ್ತು. ಅದನ್ನು ನೋಡಿ ಸಂಸ್ಥೆ ಮುಂದಿನ ಯಂತ್ರಕ್ಕೆ ಸ್ವಲ್ಪ ದುಡ್ಡು ಕೊಡೋಕೆ ಒಪ್ಪಿತು. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಎಕ್ಸ್‌ಟರ್ನಲ್ ಬಂದಾಗ ಮಾತ್ರ ಓಡೋ ಪ್ರಾಜೆಕ್ಟ್ ಥರ ಅಂದ್ಕೊಳ್ಳಿ.

1941ರ ಮೇ 12

ಜೆಡ್ 3ರಲ್ಲಿ ಎಲ್ಲವೂ ರಿಲೇ. ಮೆಮೊರಿಯೂ ರಿಲೇ. ಒಟ್ಟು 2000ಕ್ಕೂ ಹೆಚ್ಚು ರಿಲೇಗಳು. ಸೆಕೆಂಡಿಗೆ ಸುಮಾರು ಐದು ಹೆಜ್ಜೆ. ಕೂಡೋಕೆ ಒಂದು ಸೆಕೆಂಡಿಗಿಂತ ಕಡಿಮೆ, ಗುಣಿಸೋಕೆ ಸುಮಾರು ಮೂರು ಸೆಕೆಂಡ್.

ಇದರಲ್ಲಿ ಒಂದು ಉಪಾಯ ಇತ್ತು. ಅದು ನಮಗೆ ತುಂಬಾ ಹಿಡಿಸ್ತು. ರಿಲೇ ಹಾಳಾಗೋದು ಯಾವಾಗ? ಕರೆಂಟ್ ಹರೀತಿರುವಾಗ ಕಾಂಟ್ಯಾಕ್ಟ್ ಬಿಟ್ಟರೆ ಕಿಡಿ ಹಾರುತ್ತೆ, ಕಿಡಿಯಿಂದ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗುತ್ತೆ. ಸ್ಟಾರ್ಟರ್ ಡಬ್ಬಿಯ ಪಾಯಿಂಟ್‌ಗಳನ್ನು ಅಪ್ಪ ಉಪ್ಪುಕಾಗದ ಹಾಕಿ ಉಜ್ಜೋದು ಇದಕ್ಕೇ. ಎರಡು ಸಾವಿರ ರಿಲೇ ಉಜ್ಜೋದು ಯಾರು? ಜೂಸೆ ಏನು ಮಾಡಿದರು ಅಂದ್ರೆ, ಮೋಟ್ರಿನಿಂದ ತಿರುಗುವ ಒಂದು ಉರುಳೆ ಇಟ್ಟು, ಅದರ ಮೇಲೆ ಕಾರ್ಬನ್ ಬ್ರಶ್ ಕೂರಿಸಿ, ಕರೆಂಟ್ ಕೊಡೋದು ತೆಗೆಯೋದು ಎಲ್ಲಾ ಅಲ್ಲಿಂದಲೇ ಆಗೋ ಹಾಗೆ ಮಾಡಿದರು. ರಿಲೇಗಳು ಕರೆಂಟ್ ಇಲ್ಲದಾಗ ಮಾತ್ರ ಜಾಗ ಬದಲಿಸುತ್ತವೆ. ಕಿಡಿ ಹಾರಿದರೆ ಉರುಳೆ ಹತ್ತಿರ ಮಾತ್ರ. ಸವೆಯೋ ಬ್ರಶ್ ಬದಲಿಸಿದರೆ ಮುಗೀತು. ತೊಂದರೆಯನ್ನು ಪೂರ್ತಿ ಹೋಗಲಾಡಿಸೋಕೆ ಆಗದಿದ್ರೆ, ಅದು ಎಲ್ಲಿ ಬಂದರೆ ಸುಲಭವಾಗಿ ರಿಪೇರಿ ಮಾಡಬಹುದೋ ಅಲ್ಲಿಗೆ ತಂದು ಇಡೋದು. ಇದೊಂದು ಎಂಜಿನಿಯರಿಂಗ್ ಬುದ್ಧಿ.

1941ರ ಮೇ 12ರಂದು ಬರ್ಲಿನ್‌ನ ತಮ್ಮ ಕಾರ್ಯಾಗಾರದಲ್ಲಿ ಜೂಸೆ ಕೆಲವು ವಿಜ್ಞಾನಿಗಳನ್ನು ಕರೆಸಿ ಜೆಡ್ 3 ಓಡಿಸಿ ತೋರಿಸಿದರು. ಅದು ಓಡ್ತು. ಪ್ರೋಗ್ರಾಂ ಪ್ರಕಾರ ತಾನಾಗೇ ಕೆಲಸ ಮಾಡಿದ ಮೊದಲ ಡಿಜಿಟಲ್ ಕಂಪ್ಯೂಟರ್ ಅಂತ ಇವತ್ತು ಹೇಳೋದು ಇದನ್ನೇ. ಆಗ ಜೂಸೆಗೆ ವಯಸ್ಸು 30. ಜೆಡ್ 1 ಸಿಕ್ಕಿಹಾಕಿಕೊಂಡು ಮೂರೇ ವರ್ಷ ಆಗಿತ್ತು.

ಯುದ್ಧದ ನೆರಳು

ಇಲ್ಲಿ ಒಂದು ವಿಷಯ ಮುಚ್ಚಿಡೋದು ಸರಿ ಅಲ್ಲ. ಇದು ಹಿಟ್ಲರ್ ಕಾಲದ ಜರ್ಮನಿ. ಜೂಸೆ ನಾಜಿ ಪಕ್ಷ ಸೇರಿರಲಿಲ್ಲ. ಆದರೆ ಅವರು ದುಡಿದದ್ದು ಯುದ್ಧ ವಿಮಾನದ ಕಂಪನಿಯಲ್ಲಿ. ಅವರು ಕಟ್ಟಿದ ಎಸ್ 1, ಎಸ್ 2 ಅನ್ನೋ ವಿಶೇಷ ಯಂತ್ರಗಳು ಹೆನ್‌ಶೆಲ್‌ನ ಗ್ಲೈಡ್ ಬಾಂಬ್‌ಗಳ ರೆಕ್ಕೆ ಲೆಕ್ಕಕ್ಕೆ ಬಳಕೆಯಾದವು. ಮುಂದೆ ವಯಸ್ಸಾದ ಮೇಲೆ, ಎಂಜಿನಿಯರ್ ತನ್ನ ಕೆಲಸ ಮಾಡಬೇಕು ಅಂದ್ರೆ ಸೈನ್ಯದ ಜೊತೆ, ದುಡ್ಡಿನವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಗುತ್ತೆ, ಇಲ್ಲಾ ಕೆಲಸವನ್ನೇ ಬಿಡಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಅವರು ಮಾತಾಡಿದ್ದರು. ನಮಗೆ ಈ ಉತ್ತರ ಪೂರ್ತಿ ಸಮಾಧಾನ ಕೊಡಲ್ಲ. ಯಂತ್ರ ಓಡುತ್ತಾ ಇಲ್ವಾ ಅನ್ನೋದು ಒಂದು ಪ್ರಶ್ನೆ, ಯಾರಿಗಾಗಿ ಓಡುತ್ತೆ ಅನ್ನೋದು ಇನ್ನೊಂದು. ಟ್ರಬಲ್‌ಶೂಟಿಂಗ್‌ನಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಸಿಗಲ್ಲ. ಅದನ್ನು ನಾವೇ ಕೇಳ್ಕೋಬೇಕು.

ಆ ಯುದ್ಧವೇ ಅವರ ಯಂತ್ರಗಳನ್ನೂ ನುಂಗಿತು. 1943ರ ಡಿಸೆಂಬರ್‌ನಲ್ಲಿ ಬರ್ಲಿನ್ ಮೇಲೆ ಬಿದ್ದ ಬಾಂಬ್‌ಗೆ ಜೆಡ್ 3 ನಾಶ ಆಯ್ತು. ಬಾಂಬ್ ದಾಳಿಗಳಲ್ಲಿ ಜೆಡ್ 1 ಕೂಡ ಹೋಯ್ತು, ಅದರ ಡ್ರಾಯಿಂಗ್‌ಗಳೂ ಹೋದವು. ಉಳಿದದ್ದು ಇನ್ನೂ ಕಟ್ತಾ ಇದ್ದ ಜೆಡ್ 4 ಒಂದೇ.

ಲಾರಿ ಹತ್ತಿದ ಕಂಪ್ಯೂಟರ್

1945ರ ಆರಂಭದಲ್ಲಿ ಜೂಸೆ ಗಿಸೆಲಾ ಅವರನ್ನು ಮದುವೆಯಾದರು. ಅದರ ಬೆನ್ನಿಗೇ ಬರ್ಲಿನ್ ಬಿಡಬೇಕಾಯ್ತು. ಜೆಡ್ 4 ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬಿ ರೈಲಿನಲ್ಲಿ ಗೊಟ್ಟಿಂಗನ್‌ಗೆ ತಂದರು. ಅಲ್ಲಿ ಜೋಡಿಸಿ, ಓಡಿಸಿ ತೋರಿಸಿದರು. ಆಮೇಲೆ ಅದನ್ನು ಹಾರ್ಟ್ಸ್ ಬೆಟ್ಟದ ಸುರಂಗ ಕಾರ್ಖಾನೆಗೆ ಒಯ್ಯಿರಿ ಅಂತ ಆದೇಶ ಬಂತು. ಅದು ಖೈದಿಗಳನ್ನು ಸಾಯುವ ಹಾಗೆ ದುಡಿಸಿಕೊಂಡು ಆಯುಧ ತಯಾರಿಸುತ್ತಿದ್ದ ಜಾಗ. ಜೂಸೆ ಯಂತ್ರವನ್ನು ಅಲ್ಲಿ ಇಳಿಸಲಿಲ್ಲ. ಲಾರಿಯಲ್ಲಿ ದಕ್ಷಿಣಕ್ಕೆ, ಬವೇರಿಯಾದ ಆಲ್ಪ್ಸ್ ಬೆಟ್ಟದ ಹಿಂಟರ್‌ಸ್ಟೈನ್ ಅನ್ನೋ ಹಳ್ಳಿಗೆ ತಂದು ಒಂದು ಕೊಟ್ಟಿಗೆಯಲ್ಲಿ ಮುಚ್ಚಿಟ್ಟರು. ಮೊದಲು ಅದರ ಹೆಸರು ವಿ 4 ಅಂತಿತ್ತು, ಪ್ರಯೋಗದ ಮಾದರಿ ಅನ್ನೋ ಜರ್ಮನ್ ಪದದ ಮೊದಲ ಅಕ್ಷರ. ವಿ 1, ವಿ 2 ಅಂದ್ರೆ ಜರ್ಮನಿಯ ಬಾಂಬು ರಾಕೆಟ್‌ಗಳು. ಗೊಂದಲ ಬೇಡ ಅಂತ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಿ ಎಲ್ಲವನ್ನೂ ಜೆಡ್ ಅಂತ ಬದಲಿಸಿದರು.

ಯುದ್ಧ ಮುಗಿದು ಜರ್ಮನಿ ಹಾಳಾಗಿತ್ತು. ಕೆಲಸ ಇಲ್ಲ, ಪಾರ್ಟ್ಸ್ ಇಲ್ಲ, ಯಂತ್ರ ಓಡಿಸೋ ಅವಕಾಶ ಇಲ್ಲ. ಆ ಹಳ್ಳಿಯಲ್ಲಿ ಕೂತು ಜೂಸೆ ಹಾರ್ಡ್‌ವೇರ್ ಬಿಟ್ಟು ಕಾಗದ ಹಿಡಿದರು. ಪ್ಲಾಂಕಾಲ್ಕ್ಯೂಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಮನುಷ್ಯ ಯೋಚಿಸುವ ಥರ ಬರೆಯೋ ಹೈ ಲೆವೆಲ್ ಭಾಷೆಯ ಮೊದಲ ವಿನ್ಯಾಸ ಅದು. ಚೆಸ್ ಆಟದ ನಿಯಮಗಳನ್ನೂ ಅದರಲ್ಲಿ ಬರೆದು ನೋಡಿದರು. ಪೂರ್ತಿ ಪ್ರಕಟ ಆಗಿದ್ದು 1972ರಲ್ಲಿ, ಅಷ್ಟರಲ್ಲಿ ಫೋರ್ಟ್ರಾನ್, ಕೋಬಾಲ್ ಎಲ್ಲಾ ಬಂದಾಗಿತ್ತು. ಪಿಸಿ ರಿಪೇರಿಗೆ ಹೋಗಿದೆ, ಓದೋಕೆ ಆಗ್ತಿಲ್ಲ ಅನ್ನುವವರಿಗೆ ಇದು ಒಳ್ಳೆ ಉದಾಹರಣೆ.

1949ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಟೆಕ್ನಿಕಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡುವರ್ಡ್ ಸ್ಟೀಫೆಲ್ ಈ ಯಂತ್ರದ ಸುದ್ದಿ ಕೇಳಿ ಹಳ್ಳಿಗೇ ಹುಡುಕಿಕೊಂಡು ಬಂದರು. ಒಂದು ಡಿಫರೆನ್ಷಿಯಲ್ ಸಮೀಕರಣ ಕೊಟ್ಟು ಬಿಡಿಸೋಕೆ ಹೇಳಿದರು. ಜೆಡ್ 4 ಬಿಡಿಸಿತು. ಅವರು ಬಾಡಿಗೆಗೆ ಒಪ್ಪಿದರು. ಅದೇ ವರ್ಷ ಜೂಸೆ ತಮ್ಮ ಕಂಪನಿ ಶುರು ಮಾಡಿ, ಯಂತ್ರ ರಿಪೇರಿ ಮಾಡಿ, 1950ರಲ್ಲಿ ಜ್ಯೂರಿಕ್‌ಗೆ ಕೊಟ್ಟರು. ಯೂರೋಪ್ ನೆಲದಲ್ಲಿ ಆಗ ಕೆಲಸ ಮಾಡ್ತಿದ್ದ ಕಂಪ್ಯೂಟರ್ ಬೆರಳೆಣಿಕೆಯೂ ಇರಲಿಲ್ಲ. 1955ರವರೆಗೆ ಅದು ಅಲ್ಲಿ ದುಡೀತು. ಅಣೆಕಟ್ಟಿನ ಲೆಕ್ಕವೂ ಅದರ ಕೈಯಲ್ಲಿ ಆಯ್ತು. ರಾತ್ರಿ ಹೊತ್ತು ಯಾರೂ ಇಲ್ಲದೆ ತಾನೇ ಓಡ್ತಿತ್ತು. ಬಳಸೋರಿಗೆ ರಿಲೇಗಳ ಟಕಟಕ ಸದ್ದು ಎಷ್ಟು ರೂಢಿಯಾಗಿತ್ತು ಅಂದ್ರೆ, ಸದ್ದಿನ ತಾಳ ತಪ್ಪಿದರೆ ಲೆಕ್ಕ ಎಲ್ಲೋ ತಪ್ಪಿದೆ ಅಂತ ಗೊತ್ತಾಗ್ತಿತ್ತು.

ಈಗ ಮುಖ್ಯ ವಿಷಯ. ಆ ಜೆಡ್ 4ರ ಮೆಮೊರಿ ಯಾವುದು ಗೊತ್ತಾ? ರಿಲೇ ಅಲ್ಲ. ಜೆಡ್ 1ಕ್ಕಾಗಿ ಹಾಲ್‌ನಲ್ಲಿ ಕಂಡುಹಿಡಿದ ಅದೇ ತಗಡಿನ ಮೆಮೊರಿ ವಿಧಾನ. ಅದು ಜಾಗ ಕಡಿಮೆ ತಗೊಳ್ತಿತ್ತು, ನಂಬಿಕೆಗೂ ಅರ್ಹ ಆಗಿತ್ತು. ಓಡದ ಯಂತ್ರದ ಒಂದು ಭಾಗ ಹನ್ನೆರಡು ವರ್ಷ ಆದ ಮೇಲೆ ಇನ್ನೊಂದು ದೇಶದಲ್ಲಿ ದಿನಾ ಓಡ್ತಾ ಇತ್ತು. ಅಪ್ಪ ಅಮ್ಮನ ದುಡ್ಡು ಹಾಳಾಗಿರಲಿಲ್ಲ.

ಕಂಪನಿ, ಕೋರ್ಟು, ಕೊನೆಯ ದಿನಗಳು

ಜೂಸೆ ಕಂಪನಿ ಒಟ್ಟು 251 ಕಂಪ್ಯೂಟರ್ ತಯಾರಿಸಿತು. ಜೆಡ್ 22 ಅನ್ನೋ ಟ್ಯೂಬ್ ಯಂತ್ರ ಕಾಲೇಜುಗಳಲ್ಲಿ ಹೆಸರು ಮಾಡಿತು. ಆದರೆ ದೊಡ್ಡ ಕಂಪನಿಗಳ ಜೊತೆ ಓಡೋಕೆ ಬೇಕಾದ ಬಂಡವಾಳ ಇರಲಿಲ್ಲ. 1964ರಲ್ಲಿ ಕಂಪನಿ ಅವರ ಕೈತಪ್ಪಿತು, 1967ಕ್ಕೆ ಸೀಮೆನ್ಸ್ ಪಾಲಾಯ್ತು. ಅದೇ 1967ರಲ್ಲಿ ಇನ್ನೊಂದು ಪೆಟ್ಟು ಬಿತ್ತು. 1941ರಲ್ಲಿ ಜೆಡ್ 3ಕ್ಕೆ ಹಾಕಿದ್ದ ಪೇಟೆಂಟ್ ಅರ್ಜಿಯ ತೀರ್ಪು ಬಂತು. ಹೊಸದು ಅಂತ ಒಪ್ಪಿದರೂ, ಪೇಟೆಂಟ್ ಕೊಡೋಷ್ಟು ದೊಡ್ಡ ಆವಿಷ್ಕಾರ ಅಲ್ಲ ಅಂತ ಕೋರ್ಟ್ ಹೇಳಿತು. 26 ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಇದು.

ವಯಸ್ಸಾದ ಮೇಲೆ ಜನ ಅವರನ್ನು ಗುರುತಿಸಿದರು, ಗೌರವ ಡಾಕ್ಟರೇಟ್‌ಗಳೂ ಬಂದವು. ಆದರೆ 76ನೇ ವಯಸ್ಸಿನಲ್ಲಿ ಅವರು ಮಾಡಿದ ಕೆಲಸ ನೋಡಿ. 1986ರಲ್ಲಿ ಕೂತು, ನಾಶವಾದ ಜೆಡ್ 1ರ ಡ್ರಾಯಿಂಗ್‌ಗಳನ್ನು ಮತ್ತೆ ಬರೆದು, ವಿದ್ಯಾರ್ಥಿಗಳ ಸಹಾಯ ತಗೊಂಡು ಅದೇ ತಗಡಿನ ಯಂತ್ರವನ್ನು ಮತ್ತೆ ಕಟ್ಟೋಕೆ ಶುರು ಮಾಡಿದರು. ಗೆದ್ದ ಜೆಡ್ 3ರ ಮಾದರಿಯನ್ನು ಅವರ ಕಂಪನಿ 60ರ ದಶಕದಲ್ಲೇ ಮಾಡಿತ್ತು. ಈಗ ಸೋತದ್ದರ ಸರದಿ. 1989ರಲ್ಲಿ ಮುಗೀತು. ಅದು ಈಗ ಬರ್ಲಿನ್‌ನ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿದೆ. ಒಳ್ಳೆ ಯಂತ್ರಗಳಲ್ಲಿ ಕತ್ತರಿಸಿದ ತಗಡು ಹಾಕಿದರೂ ಅದು ಆಗಾಗ ಸಿಕ್ಕಿಹಾಕಿಕೊಳ್ತಿತ್ತು. 1995ರ ಡಿಸೆಂಬರ್ 18ರಂದು, 85ನೇ ವಯಸ್ಸಿನಲ್ಲಿ, ಹ್ಯೂನ್‌ಫೆಲ್ಡ್‌ನಲ್ಲಿ ಜೂಸೆ ತೀರಿಕೊಂಡರು.

ನಮ್ಮ ಕಪ್ಪು ಸ್ಕ್ರೀನಿಗೆ ಜೂಸೆ ಪಾಠ

ಈಗ ನಮ್ಮ ಓಡದ ಪಿಸಿ ಕಡೆ ಬರೋಣ. ಜೂಸೆ ಮಾಡಿದ್ದನ್ನೇ ನಮ್ಮ ಭಾಷೆಗೆ ಇಳಿಸಿದರೆ ಹಿಂಗಾಗುತ್ತೆ.

ಮೊದಲು ಸುಲಭದ್ದು, ಖರ್ಚಿಲ್ಲದ್ದು ನೋಡಿ. ಬೋರ್‌ವೆಲ್ ಮೋಟ್ರು ಶುರುವಾಗ್ಲಿಲ್ಲ ಅಂದ್ರೆ ನಮ್ಮ ಅಜ್ಜಂದಿರು ಮೊದಲೇ ಪೈಪ್ ಎತ್ತಲ್ಲ. ಮೂರೂ ಫೇಸ್ ಬಂದಿದೆಯಾ, ಫ್ಯೂಸ್ ಇದೆಯಾ, ಸ್ಟಾರ್ಟರ್ ಹಿಡೀತಾ ಅಂತ ನೋಡ್ತಾರೆ. ಪಿಸಿಗೂ ಹಂಗೇ. ಗೋಡೆಯ ಸ್ವಿಚ್, ಪವರ್ ಸಪ್ಲೈ ಹಿಂದಿನ ಸ್ವಿಚ್, ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಪೂರ್ತಿ ಕೂತಿದೆಯಾ, ಪ್ರೊಸೆಸರ್ ಪಕ್ಕದ 8 ಪಿನ್ ಕನೆಕ್ಟರ್ ಹಾಕಿದೆಯಾ ನೋಡಿ. ಈ ಎರಡನೇದನ್ನು ಹಾಕದಿದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕ್ಬೇಕು, ಮದರ್‌ಬೋರ್ಡಿಗಲ್ಲ.

ಎರಡನೇದು, ಕೆಲಸ ಮಾಡೋದನ್ನು ಮಾಡದೇ ಇರೋದರಿಂದ ಬೇರೆ ಮಾಡಿ. ಜೂಸೆ ಮೆಮೊರಿಯನ್ನು ಬೇರೆ ಮಾಡಿದ ಹಾಗೆ. ಬೋರ್ಡನ್ನು ಕೇಸ್‌ನಿಂದ ಹೊರಗೆ ತೆಗೆದು ಅದರ ರಟ್ಟಿನ ಡಬ್ಬಿ ಮೇಲಿಡಿ. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್, ಪವರ್ ಸಪ್ಲೈ, ಇಷ್ಟೇ ಇರಲಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇಲ್ಲದಿದ್ರೆ ಕಾರ್ಡ್ ಕೂಡ ಬೇಕು. ಹೊರಗೆ ಓಡಿ ಕೇಸ್ ಒಳಗೆ ಓಡದಿದ್ರೆ, ಹಿಂದೆ ಎಲ್ಲೋ ಸ್ಕ್ರೂ ತಾಗಿ ಶಾರ್ಟ್ ಆಗ್ತಿದೆ ಅಥವಾ ಮುಂದಿನ ಬಟನ್ ವೈರ್ ತಪ್ಪು ಪಿನ್‌ಗೆ ಹೋಗಿದೆ ಅಂತ ಅರ್ಥ.

ಮೂರನೇದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ನೋಡಿ. ಸ್ಲಾಟ್ ಬದಲಿಸಿ, ನೋಡಿ. ಬಯಾಸ್ ಸೆಟ್ಟಿಂಗ್ ಅಳಿಸಿ, ನೋಡಿ. ಮೂರನ್ನೂ ಒಟ್ಟಿಗೆ ಮಾಡಿದ್ರೆ ಪಿಸಿ ಓಡಬಹುದು, ಆದ್ರೆ ಯಾವುದರಿಂದ ಓಡ್ತು ಅಂತ ಗೊತ್ತಾಗಲ್ಲ. ಮುಂದಿನ ಸಲ ಮತ್ತೆ ಮೊದಲಿಂದ. ನೋಟ್‌ಬುಕ್‌ನಲ್ಲಿ ಬರೆದಿಟ್ಕೊಳ್ಳಿ.

ನಾಲ್ಕನೇದು, ಯಂತ್ರ ಹೇಳೋದನ್ನು ಕೇಳಿ. ಜ್ಯೂರಿಕ್‌ನವರು ರಿಲೇ ಸದ್ದು ಕೇಳಿದ ಹಾಗೆ ನಮ್ಮ ಬೋರ್ಡಿನ ಬೀಪ್ ಕೇಳಿ, ಮೂಲೆಯಲ್ಲಿರೋ ಸಣ್ಣ ಡೀಬಗ್ ಲೈಟ್ ನೋಡಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್, ಯಾವುದರ ಹತ್ತಿರ ಲೈಟ್ ನಿಲ್ತೋ ಅಲ್ಲಿಂದ ಹುಡುಕಿ. ಲೈಟ್ ಪ್ರೊಸೆಸರ್ ಹತ್ತಿರ ನಿಂತಿದ್ರೆ ಸಾಕೆಟ್‌ನ ಪಿನ್ ಬಾಗಿದೆಯಾ, ಬಯಾಸ್ ಹಳೇದಾಗಿ ಹೊಸ ಪ್ರೊಸೆಸರ್ ಗುರುತು ಸಿಗ್ತಿಲ್ವಾ ಅಂತಲೂ ನೋಡ್ಬೇಕು.

ನಮ್ಮ ದೇಶದ ಕಥೆಯಲ್ಲೂ ಇದೇ ಇದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ತಂಡ ಟಿಫ್ರಾಕ್ ಕಟ್ಟುವಾಗ ಸೀದಾ ದೊಡ್ಡ ಯಂತ್ರಕ್ಕೆ ಕೈ ಹಾಕಲಿಲ್ಲ. ಮೊದಲು ಸಣ್ಣ ಪೈಲಟ್ ಯಂತ್ರ ಕಟ್ಟಿ 1956ರಲ್ಲಿ ಓಡಿಸಿ ನೋಡಿದರು. ದೊಡ್ಡದು ಕೆಲಸ ಶುರು ಮಾಡಿದ್ದು 1960ರಲ್ಲಿ.

ಕೊನೆಯದಾಗಿ ಮನೆಯಲ್ಲಿ ಪಿಸಿ ಜೋಡಿಸೋಕೆ ಹೊರಟಿರೋ ನಮ್ಮ ತಮ್ಮ ತಂಗಿಯರಿಗೆ ಒಂದು ಮಾತು. ಬಟನ್ ಒತ್ತಿದಾಗ ಏನೂ ಆಗಲಿಲ್ಲ ಅಂದ್ರೆ ಹೆದರಬೇಡಿ, ಎಲ್ಲಾ ಒಟ್ಟಿಗೆ ಬಿಚ್ಚಲೂಬೇಡಿ. ಅದರಲ್ಲಿ ಸರಿ ಇರೋ ಪಾರ್ಟ್ಸೇ ಜಾಸ್ತಿ ಇರ್ತವೆ. ಯಾವುದು ಸರಿ ಇದೆ ಅನ್ನೋದನ್ನು ಮೊದಲು ಕಂಡುಹಿಡೀರಿ, ಕೆಟ್ಟದ್ದು ತಾನಾಗೇ ಸಿಗುತ್ತೆ. ಸಿಗದಿದ್ರೆ ಕನ್ನಡ ಸಂಘದ ಗ್ರೂಪಿಗೆ ಒಂದು ಫೋಟೋ ಹಾಕಿ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾರಾದ್ರೂ ಒಬ್ಬರು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದೇ ಬರ್ತೀವಿ.